ಒಂದು ಮಾರು ಬಿದಿರು: ಮನೆಯಲ್ಲೇ ಬಿಲ್ಲು ಮಾಡಿಕೊಳ್ಳುವ ಬಗೆ

ಬೇಸಿಗೆ ರಜೆ ಶುರುವಾದರೆ ಕೂಡ್ಲಿಗಿ, ಕೊಟ್ಟೂರು ಕಡೆಯ ಹಳ್ಳಿಗಳಲ್ಲಿ ಹುಡುಗರು ಬಿಲ್ಲು ಕಟ್ಟುತ್ತಾರೆ. ಬೇಲಿಯಿಂದ ಕಡಿದ ಹಸಿ ಕೋಲು, ಅದಕ್ಕೊಂದು ಪ್ಲಾಸ್ಟಿಕ್ ಹಗ್ಗ. ಮೊದಲ ದಿನ ಬಾಣ ಚೆನ್ನಾಗಿ ಹಾರುತ್ತದೆ. ಮಾರನೇ ದಿನಕ್ಕೆ ಕೋಲು ಬಾಗಿದಂತೆಯೇ ನಿಂತು ಹಗ್ಗ ಜೋಲು ಬೀಳುತ್ತದೆ. ಆಮೇಲೆ ಯಾರೋ ಜೋರಾಗಿ ಎಳೆಯುತ್ತಾರೆ, ಕೋಲು ನಡುವೆ ಲಟಕ್ಕನೆ ಮುರಿಯುತ್ತದೆ. ಅತ್ತ ದೊಡ್ಡವರಲ್ಲಿ ಯಾರಾದರೂ ಬಿಲ್ಲುಗಾರಿಕೆ ಕಲಿಯೋಣ ಎಂದು ಅಂಗಡಿಯ ಬಿಲ್ಲಿನ ಬೆಲೆ ಕೇಳಿದರೆ, ಫೈಬರ್, ಕಾರ್ಬನ್ ಎಂದು ಲೆಕ್ಕ ಸಾವಿರಗಳಲ್ಲಿ ಓಡುತ್ತದೆ. ಆಸೆ ಅಲ್ಲಿಗೇ ನಿಲ್ಲುತ್ತದೆ.

ಎರಡಕ್ಕೂ ಪರಿಹಾರ ಒಂದೇ. ಚೆನ್ನಾಗಿ ಒಣಗಿದ ಬಿದಿರನ್ನು ಸರಿಯಾಗಿ ಹೆರೆದು ಮಾಡಿದ ಬಿಲ್ಲು. ಇದಕ್ಕೆ ಮುಖ್ಯವಾಗಿ ಬೇಕಾಗುವುದು ಒಂದು ಗಳ, ಒಂದು ಉಂಡೆ ದಾರ, ಮನೆಯಲ್ಲೇ ಇರುವ ಮಚ್ಚು, ನಾಲ್ಕು ಸ್ಯಾಂಡ್ ಪೇಪರ್. ಖರ್ಚು ಕೆಲವು ನೂರು ರೂಪಾಯಿ. ಬಿದಿರು ಒಣಗಲು ಎರಡು ತಿಂಗಳು ಕಾಯಬೇಕು, ಅದಾದ ಮೇಲೆ ಮೂರು ನಾಲ್ಕು ಭಾನುವಾರದ ಕೆಲಸ.

ನಮ್ಮ ಭಾಗಕ್ಕೆ ಬಿಲ್ಲು ಹೊಸದೇನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಸೇರುವ ಲಕ್ಷಾಂತರ ಜನ ಡೆಂಕನಮರಡಿಯಲ್ಲಿ ಕಾಯುವುದು ಬಿಲ್ಲು ಏರುವ ಗೊರವಯ್ಯನನ್ನು. ಆಳೆತ್ತರ ಮೀರಿದ ಆ ಬಿಲ್ಲಿನ ಮೇಲೆ ನಿಂತು ‘ಸದ್ದಲೇ’ ಎಂದು ಕೂಗಿದಾಗ ಇಡೀ ಮೈದಾನ ಮೌನವಾಗುತ್ತದೆ, ಕಾರ್ಣಿಕ ಎಂಬ ಭವಿಷ್ಯವಾಣಿ ಹೊರಬೀಳುತ್ತದೆ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿ ಪಾಳೆಯಗಾರರ ನಾಡು ಇದು. ಬೇಡ ಪಡೆಯ ಹೆಸರು ಕೇಳದ ಊರು ಇಲ್ಲಿಲ್ಲ. ಈಗಲೂ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದ್ದು, ಅಲ್ಲಿ ಹಿಡಿಯುವುದು ಬಿದಿರು ಮತ್ತು ಮರದ ಬಿಲ್ಲನ್ನೇ. ಆದರೆ ನಾವು ಇಲ್ಲಿ ಹೇಳುತ್ತಿರುವುದು ಸ್ಪರ್ಧೆಗಲ್ಲ, ಸ್ವಂತ ಖುಷಿಗೆ.

ಬಿಲ್ಲು ಯಾಕೆ ಮುರಿಯುತ್ತದೆ?

ಕೆಲಸಕ್ಕೆ ಇಳಿಯುವ ಮುನ್ನ ಇದನ್ನು ತಿಳಿದುಕೊಳ್ಳಿ. ಇದು ತಿಳಿದರೆ ಮುಂದಿನ ಪ್ರತಿ ಹಂತವೂ ತಾನಾಗಿ ಅರ್ಥವಾಗುತ್ತದೆ.

ಬಿಲ್ಲಿಗೆ ಎರಡು ಮುಖ. ಗುರಿಯ ಕಡೆಗೆ ಇರುವುದು ಬೆನ್ನು, ನಿಮ್ಮ ಕಡೆಗೆ ಇರುವುದು ಹೊಟ್ಟೆ. ಹೆದೆ ಎಳೆದಾಗ ಬೆನ್ನಿನ ನಾರುಗಳು ಹಿಗ್ಗುತ್ತವೆ, ಹೊಟ್ಟೆಯ ನಾರುಗಳು ಕುಗ್ಗಿ ಒತ್ತಿಕೊಳ್ಳುತ್ತವೆ. ಬೆನ್ನಿನಲ್ಲಿ ಒಂದೇ ಒಂದು ನಾರು ಕಡಿದಿದ್ದರೂ ಸೀಳು ಅಲ್ಲಿಂದ ಶುರುವಾಗುತ್ತದೆ. ಹೊಟ್ಟೆ ಹಸಿಯಾಗಿದ್ದರೆ ಒತ್ತಿಕೊಂಡ ನಾರು ಮರಳಿ ನೇರವಾಗುವುದಿಲ್ಲ. ಹುಡುಗರ ಬಿಲ್ಲು ಬಾಗಿದಂತೆಯೇ ನಿಲ್ಲುವುದು ಇದಕ್ಕೇ.

ಬಿದಿರಿನ ಗಳವನ್ನು ಗರಗಸದಿಂದ ಅಡ್ಡ ಕೊಯ್ದು, ಕೊಯ್ದ ಮುಖವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಸ್ವಲ್ಪ ನೀರು ಸವರಿ ನೋಡಿ. ಕಂದು ಚುಕ್ಕೆಗಳು ಕಾಣುತ್ತವೆ. ಹೊರಸಿಪ್ಪೆಯ ಹತ್ತಿರ ಅವು ಒಂದಕ್ಕೊಂದು ಅಂಟಿಕೊಂಡು ಕಪ್ಪಗೆ ಒತ್ತಾಗಿರುತ್ತವೆ. ಒಳಗೆ ಬಂದಂತೆ ದೂರ ದೂರವಾಗುತ್ತ, ಟೊಳ್ಳಿನ ಹತ್ತಿರ ವಿರಳವಾಗಿರುತ್ತವೆ. ಪ್ರತಿ ಚುಕ್ಕೆಯೂ ಒಂದು ನಾರಿನ ಕಟ್ಟು, ಬಿದಿರಿನ ಶಕ್ತಿಯೆಲ್ಲ ಅದರಲ್ಲೇ. ಹಿಗ್ಗಿಗೆ ತಡೆದುಕೊಳ್ಳಬೇಕಾದ ಬೆನ್ನಿಗೆ ಬೇಕಾದುದನ್ನು ಬಿದಿರು ತಾನೇ ಒದಗಿಸಿದೆ. ಆದ್ದರಿಂದ ಮೊದಲ ನಿಯಮ: ಹೊರಸಿಪ್ಪೆಯೇ ಬೆನ್ನು, ಅದಕ್ಕೆ ಉಳಿ, ಮಚ್ಚು, ಅರ ಯಾವುದನ್ನೂ ತಾಗಿಸಬಾರದು. ತೆಗೆಯುವುದೇನಿದ್ದರೂ ಒಳಗಿನಿಂದ.

ಎರಡನೆಯ ಮಾತು ದಪ್ಪದ್ದು. ದಬ್ಬೆಯ, ಅಂದರೆ ಸೀಳಿದ ಬಿದಿರಿನ ಪಟ್ಟಿಯ, ಅಗಲವನ್ನು ಅರ್ಧ ಮಾಡಿದರೆ ಅದರ ಬಿಗಿ ಅರ್ಧಕ್ಕೆ ಇಳಿಯುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 10 ಮಿ.ಮೀ. ದಪ್ಪದ ದಬ್ಬೆಯಿಂದ ಒಂದೇ ಒಂದು ಮಿ.ಮೀ. ಹೆರೆದರೂ ಕಾಲುಭಾಗಕ್ಕಿಂತ ಹೆಚ್ಚು ಬಿಗಿ ಹೋಗುತ್ತದೆ. ಹಾಗಾಗಿ ಬಿಲ್ಲಿನ ಒಂದು ಕಡೆ ಸ್ವಲ್ಪ ಹೆಚ್ಚು ತೆಗೆದರೆ ಎಳೆತದ ಭಾರವೆಲ್ಲ ಅಲ್ಲಿಗೇ ಬಂದು ಬೀಳುತ್ತದೆ, ಮುರಿಯುವುದೂ ಅಲ್ಲೇ. ಇಡೀ ಉದ್ದಕ್ಕೆ ಬಾಗನ್ನು ಸಮನಾಗಿ ಹಂಚುವುದೇ ಬಿಲ್ಲು ಮಾಡುವ ವಿದ್ಯೆ. ಉಳಿದದ್ದೆಲ್ಲ ಸಾಧಾರಣ ಬಡಗಿ ಕೆಲಸ.

ಯಾವ ಬಿದಿರು, ಎಲ್ಲಿ ಸಿಗುತ್ತದೆ

ಮೇದಾರ ಓಣಿಗೆ ಹೋಗಿ. ಬುಟ್ಟಿ, ಮೊರ, ಏಣಿ ಮಾಡುವವರಿಗೆ ಗಳದ ವಯಸ್ಸು ಮುಟ್ಟಿದರೇ ಗೊತ್ತಾಗುತ್ತದೆ. ಅವರಿಗೆ ಬುಟ್ಟಿಗೆ ಎಳೆಯ ಬಿದಿರು ಬೇಕು, ನಿಮಗೆ ಬಲಿತದ್ದು ಬೇಕು. ಏಣಿಗೆ ಆರಿಸುವಂಥ ಗಳ ಎಂದು ಹೇಳಿದರೆ ಸಾಕು. ಮೂರರಿಂದ ಐದು ವರ್ಷದ ಗಳ ಒಳ್ಳೆಯದು. ಎಳೆಯ ಗಳದಲ್ಲಿ ನೀರಿನ ಅಂಶ ಹೆಚ್ಚು, ಒಣಗಿದಾಗ ಮುದುಡಿಕೊಳ್ಳುತ್ತದೆ.

ದೊಡ್ಡ ಮುಳ್ಳುಬಿದಿರಾದರೆ ಬುಡದ ಭಾಗ ಕೇಳಿ. ಅಲ್ಲಿ ಗೋಡೆ ದಪ್ಪ. ಗಳ ಮೂರು ಇಂಚಿಗಿಂತ ದಪ್ಪವಾಗಿದ್ದು, ಗೋಡೆ ಕನಿಷ್ಠ 12 ಮಿ.ಮೀ. ಇರಬೇಕು. ಟೊಳ್ಳು ಕಡಿಮೆ ಇರುವ ಗಟ್ಟಿಬಿದಿರು ಸಿಕ್ಕರೂ ನಡೆಯುತ್ತದೆ. ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿದರೆ ಎರಡು ಬಿಲ್ಲಿಗಾಯಿತು. ಬೂಸ್ಟು, ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಆ ಗಳ ಬೇಡ. ತೂತು, ಪುಡಿ ಇದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ.

ಕಡಿಸುವುದಾದರೆ ಮಳೆಗಾಲ ಮುಗಿದು ಚಳಿ ಹಿಡಿದ ಮೇಲೆ ಕಡಿಸಿ. ಆಗ ಗಳದೊಳಗೆ ಪಿಷ್ಟ ಕಡಿಮೆ, ಕುಟ್ಟೆ ಹುಳುವಿಗೆ ಬೇಕಾಗಿರುವುದು ಆ ಪಿಷ್ಟವೇ. ಸೀಳಿದ ದಬ್ಬೆಯನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಪಿಷ್ಟವೂ ಕಡಿಮೆಯಾಗುತ್ತದೆ.

ಕಾನೂನಿನ ಮಾತೂ ಇದೆ. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ, ಸ್ವಂತ ಹೊಲದಲ್ಲಿ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ಪಟ್ಟಿಯಿಂದ ಹೊರಬಿದ್ದಿದೆ. ಅರಣ್ಯದೊಳಗಿನ ಬಿದಿರಿಗೆ ಈ ವಿನಾಯಿತಿ ಇಲ್ಲ. ಗುಡೇಕೋಟೆಯ ಕರಡಿಧಾಮದ ಸುತ್ತಮುತ್ತ ಇರುವವರು ಒಂದು ಕೋಲಿಗೂ ಒಳಗೆ ಕಾಲಿಡಬೇಡಿ. ಕರಡಿಯ ಅಪಾಯ ಬೇರೆ, ಕೇಸಿನ ಅಪಾಯ ಬೇರೆ.

ಬಿದಿರಲ್ಲದೆ ಮರದ ಬಿಲ್ಲು ಮಾಡಬಾರದೇ? ಮಾಡಬಹುದು. ತಡಸಲು ಮರ ಬಾಗಿ ಮರಳುವ ಗುಣಕ್ಕೆ ಹೆಸರಾದದ್ದು. ಹಿಪ್ಪುನೇರಳೆಯನ್ನು ಮರವಾಗಿ ಬೆಳೆಸಿದ ರೇಷ್ಮೆ ರೈತರಿಂದ ನೇರವಾದ ಕೊಂಬೆ ಸಿಕ್ಕರೆ ಬಿಡಬೇಡಿ. ಅಮೆರಿಕದ ಅಪಾಚೆ ಬುಡಕಟ್ಟಿನವರು ಆ ಜಾತಿಯ ಮರದಲ್ಲೇ ಬಿಲ್ಲು ಮಾಡುತ್ತಿದ್ದರು. ಹೊಲದ ಬದುವಿನ ತುಂಬ ಇರುವ ಬಳ್ಳಾರಿ ಜಾಲಿ ಗಟ್ಟಿ, ಒಣಗಿದಾಗ ತಿರುಚಿಕೊಳ್ಳುವುದು ಕಡಿಮೆ, ಆದರೆ ಒಂದು ಮಾರು ಉದ್ದದ ನೇರ ತುಂಡು ಸಿಗುವುದು ಕಷ್ಟ. ಮರದಲ್ಲಿ ಬೆನ್ನಿನ ಕಡೆ ಒಂದೇ ವರ್ಷದ ಉಂಗುರವನ್ನು ತುದಿಯಿಂದ ತುದಿಯವರೆಗೆ ಕಡಿಯದೆ ಉಳಿಸಬೇಕು. ಇದಕ್ಕೆ ಕೈ ಪಳಗಿರಬೇಕು. ಅದಕ್ಕೇ ನನ್ನ ಸಲಹೆ: ಮೊದಲ ಎರಡು ಬಿಲ್ಲು ಬಿದಿರಿನದೇ ಇರಲಿ. ಯಾವುದೇ ಮರ ಕಡಿಯುವುದಾದರೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಒಣಗಿಸುವುದು

ನಮ್ಮ ಕಡೆ ಬಿಸಿಲಿಗೆ ಬರವಿಲ್ಲ, ಹಾಗಾಗಿಯೇ ಆತುರ ಹೆಚ್ಚು. ದಬ್ಬೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಎಸೆದರೆ ಹೊರಗೆ ಬೇಗ ಒಣಗಿ ಒಳಗೆ ಹಸಿಯಿದ್ದು, ಉದ್ದಕ್ಕೆ ಸೀಳು ಬಿಡುತ್ತದೆ. ಗಾಳಿಯಾಡುವ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ ಅಡ್ಡ ಮಲಗಿಸಿ. ಗೋಡೆಗೆ ಒರಗಿಸಿದರೆ ಡೊಂಕಾಗುತ್ತದೆ.

ಒಣಗಿತೋ ಇಲ್ಲವೋ ನೋಡಲು ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ದಬ್ಬೆಯ ಮೇಲೆಯೇ ಬರೆದಿಡಿ. ಸತತ ಎರಡು ವಾರ ತೂಕ ಇಳಿಯದಿದ್ದರೆ ಕೆಲಸಕ್ಕೆ ಸಿದ್ಧ. ಸೀಳಿದ ದಬ್ಬೆಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು.

ಬೇಕಾಗುವ ಸಾಮಾನು

ಮಚ್ಚು, ಸಣ್ಣ ಗರಗಸ, ಒರಟು ಮತ್ತು ನಯವಾದ ಅರ ಒಂದೊಂದು, ಹ್ಯಾಕ್ಸಾ ಬ್ಲೇಡು, ಸ್ಯಾಂಡ್ ಪೇಪರ್, ಟೇಪು, ಪೆನ್ಸಿಲ್. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಒಂದು. ಹೆದೆಗೆ ಚಪ್ಪಲಿ ಹೊಲಿಯುವ ಪಾಲಿಯೆಸ್ಟರ್ ದಾರ. ಮನೆಯಲ್ಲಿ ಬಾವಿಯ ಹಳೆ ಗಡಗಡೆ ಇದ್ದರೆ ಎತ್ತಿಟ್ಟುಕೊಳ್ಳಿ, ಮುಂದೆ ಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಬಿದಿರಿನ ಅಂಚು ಬ್ಲೇಡಿನಷ್ಟು ಹರಿತ, ಸಿಬಿರು ಹೊಕ್ಕರೆ ಕೀವಾಗುತ್ತದೆ.

ಬಿಲ್ಲಿನ ರೂಪ ತೆಗೆಯುವ ಕ್ರಮ

1. ಅಳತೆ. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆಯಿರಿ. ಅದೇ ನಿಮ್ಮ ಮಾರು, ಅಷ್ಟೇ ನಿಮ್ಮ ಬಿಲ್ಲಿನ ಉದ್ದ. ಅದನ್ನು ಎರಡೂವರೆಯಿಂದ ಭಾಗಿಸಿದರೆ ನೀವು ಎಷ್ಟು ಎಳೆಯುತ್ತೀರಿ ಎಂಬುದು ಬರುತ್ತದೆ. 66 ಇಂಚಿನ ಮಾರು ಇದ್ದವರ ಎಳೆತ ಸುಮಾರು 26 ಇಂಚು. ಬಿಲ್ಲು ಎಳೆತದ ಎರಡು ಪಟ್ಟಿಗಿಂತ ಉದ್ದವಿರಲೇಬೇಕು. ಗಿಡ್ಡ ಬಿಲ್ಲು ನೋಡಲು ಚಂದ, ಆದರೆ ಬೇಗ ಮುರಿಯುತ್ತದೆ.

2. ಸೀಳುವುದು. ಇದು ಒಣಗಿಸುವ ಮುನ್ನವೇ ಮುಗಿಯಬೇಕಾದ ಕೆಲಸ. ಗಳದ ತುದಿಯಲ್ಲಿ ಮಚ್ಚು ಇಟ್ಟು ಮರದ ಕೊಡತಿಯಿಂದ ಬಡಿಯುತ್ತ ಬನ್ನಿ. ಬಿದಿರು ನಾರಿನ ಗುಂಟ ತಾನೇ ಸೀಳುತ್ತದೆ. ಎರಡು ಇಂಚು ಅಗಲದ ದಬ್ಬೆ ತೆಗೆಯಿರಿ. ಒಂದಕ್ಕೆ ಎರಡು ತೆಗೆದಿಟ್ಟರೆ ಒಳ್ಳೆಯದು.

3. ನಡು ಗುರುತಿಸುವುದು. ನಡುವಿನಿಂದ ಎರಡೂ ಕಡೆಗೆ ಗಿಣ್ಣುಗಳು ಹೆಚ್ಚುಕಡಿಮೆ ಸಮದೂರದಲ್ಲಿ ಬರುವಂತೆ ಉದ್ದ ಕತ್ತರಿಸಿ. ಬುಡದ ಕಡೆಯ ಅರ್ಧ ಯಾವಾಗಲೂ ಹೆಚ್ಚು ಬಿಗಿ. ಅದನ್ನು ಬಿಲ್ಲಿನ ಕೆಳಭಾಗ ಮಾಡಿಕೊಳ್ಳಿ, ಪೆನ್ಸಿಲಿನಿಂದ ‘ಕೆಳಗೆ’ ಎಂದು ಬರೆಯಿರಿ.

4. ಅಗಲ. ನಡುವಿನಲ್ಲಿ ಒಂದೂವರೆ ಇಂಚು. ನಡುವಿನಿಂದ ತುದಿಗೆ ಇರುವ ದೂರದ ಅರ್ಧದವರೆಗೆ ಅದೇ ಅಗಲ ಉಳಿಸಿ, ಅಲ್ಲಿಂದ ತುದಿಗೆ ಅರ್ಧ ಇಂಚು ಆಗುವಂತೆ ಎರಡೂ ಪಕ್ಕದಿಂದ ಇಳಿಸುತ್ತ ಹೋಗಿ. ದಾರವನ್ನು ತುದಿಯಿಂದ ತುದಿಗೆ ಬಿಗಿದು ಹಿಡಿದರೆ ಅದು ನಡುಗೆರೆಯ ಮೇಲೇ ಹೋಗಬೇಕು.

5. ಹೊಟ್ಟೆ ಚಪ್ಪಟೆ ಮಾಡುವುದು. ಒಳಗಿನ ಗಿಣ್ಣಿನ ತಡಿಕೆಗಳನ್ನು ಮೊದಲು ಅರದಿಂದ ಇಳಿಸಿ, ಆಮೇಲೆ ಒಳಮೈಯನ್ನು ಸಮ ಮಾಡಿ. ಈ ಹಂತದಲ್ಲಿ ನಡುವಿನಲ್ಲಿ 11–12 ಮಿ.ಮೀ., ತುದಿಯಲ್ಲಿ 8 ಮಿ.ಮೀ. ದಪ್ಪ ಉಳಿಸಿಕೊಳ್ಳಿ. ಗಿಣ್ಣಿನ ಕೆಳಗೆ ಒಂದು ಕೂದಲೆಳೆ ಹೆಚ್ಚೇ ಇರಲಿ.

6. ಅಂಚು ದುಂಡಾಗಿಸುವುದು. ನಾಲ್ಕೂ ಅಂಚನ್ನು ಸ್ಯಾಂಡ್ ಪೇಪರಿನಿಂದ ನಯ ಮಾಡಿ. ಬೆನ್ನಿನ ಅಂಚಿನಲ್ಲಿ ಸಿಬಿರು ಎದ್ದಿದ್ದರೆ ಬಿರುಕು ಅಲ್ಲಿಂದಲೇ ಶುರು.

7. ಬೆಂಕಿ ಕಾಯಿಸುವುದು. ಇದ್ದಿಲ ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಹೊಟ್ಟೆಯ ಭಾಗವನ್ನು ಮಾತ್ರ ನಿಧಾನವಾಗಿ ಸರಿಸುತ್ತ ಕಾಯಿಸಿ. ಬಣ್ಣ ಗೋಧಿಗೆಂಪಿಗೆ ತಿರುಗಿದರೆ ಸಾಕು, ಕಪ್ಪಾದರೆ ಕೆಟ್ಟಿತು. ಇದರಿಂದ ಹೊಟ್ಟೆಗೆ ಒತ್ತಡ ತಾಳುವ ಶಕ್ತಿ ಹೆಚ್ಚುತ್ತದೆ. ಬೆನ್ನು ಬೆಂಕಿಗೆ ತಾಗಬಾರದು. ಡೊಂಕಿದ್ದರೆ ಬಿಸಿಯಿರುವಾಗಲೇ ಮೊಣಕಾಲಿಗೆ ಒತ್ತಿ ನೇರ ಮಾಡಿ ಆರಲು ಬಿಡಿ. ಎರಡು ದಿನ ಹಾಗೇ ಇಟ್ಟು ಆಮೇಲೆ ಮುಂದಿನ ಕೆಲಸ.

8. ಕಚ್ಚು. ತುದಿಯಿಂದ ಒಂದು ಇಂಚು ಬಿಟ್ಟು ಹೆದೆ ಕೂರಲು ಎರಡೂ ಪಕ್ಕಕ್ಕೆ ಮಾತ್ರ ಓರೆಯಾಗಿ ಅರ ಆಡಿಸಿ. ಬೆನ್ನಿನ ಮೇಲೆ ಅಡ್ಡ ಗೀರಬೇಡಿ. ಕಚ್ಚಿನ ಕೆಳಗೆ ದಾರವನ್ನು ಒತ್ತಾಗಿ ಸುತ್ತಿ ಫೆವಿಕಾಲ್ ಸವರಿದರೆ ತುದಿ ಸೀಳುವುದಿಲ್ಲ.

ಹಿಡಿಗೆಂದು ನಡುವಿನಲ್ಲಿ ಮರದ ತುಂಡು ಅಂಟಿಸುವ ಆಸೆ ಬರುತ್ತದೆ. ಮೊದಲ ಬಿಲ್ಲಿಗೆ ಬೇಡ. ಹಿಡಿಯೂ ಸ್ವಲ್ಪ ಬಾಗುವ ಬಿಲ್ಲಿನಲ್ಲಿ ಅಂಟಿಸಿದ ತುಂಡು ಎಗರಿ ಬರುತ್ತದೆ. ಹಳೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಹಿಡಿತಕ್ಕೆ ಸಾಕು.

ಬಾಗು ತಿದ್ದುವುದು: ಇಲ್ಲಿ ಆತುರ ಬೇಡ

ಇದುವರೆಗೆ ನಿಮ್ಮ ಕೈಯಲ್ಲಿರುವುದು ಬಿಲ್ಲಿನ ಆಕಾರದ ದಬ್ಬೆ. ಅದು ಬಿಲ್ಲಾಗುವುದು ಇಲ್ಲಿ.

ಮೊದಲು ಒಂದು ತುದಿಯನ್ನು ನೆಲಕ್ಕೆ ಊರಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಡುವನ್ನು ಮೆಲ್ಲಗೆ ಒತ್ತಿ. ಎಲ್ಲಿ ಬಾಗುತ್ತದೆ, ಎಲ್ಲಿ ಬಾಗದೆ ನಿಲ್ಲುತ್ತದೆ ಎಂಬುದು ಕೈಗೇ ಗೊತ್ತಾಗುತ್ತದೆ. ತುದಿ ಬದಲಿಸಿ ಮತ್ತೆ ಒತ್ತಿ. ಬಾಗದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹ್ಯಾಕ್ಸಾ ಬ್ಲೇಡಿನ ಅಂಚನ್ನು ನಿಲ್ಲಿಸಿ ಹಿಡಿದು ಗುರುತು ಅಳಿಯುವವರೆಗೆ ಹೊಟ್ಟೆಯನ್ನು ಹೆರೆಯಿರಿ. ಒಣ ಬಿದಿರಾದರೆ ಹೆರೆತ ಬೆಳ್ಳಗೆ, ನವಿರಾದ ಪುಡಿಯಾಗಿ ಉದುರುತ್ತದೆ. ಎಳೆ ಎಳೆಯಾಗಿ ಸಿಕ್ಕು ಬರುತ್ತಿದ್ದರೆ ನಾರಿನ ಎದುರು ಹೆರೆಯುತ್ತಿದ್ದೀರಿ, ಬ್ಲೇಡಿನ ದಿಕ್ಕು ಬದಲಿಸಿ.

ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಗೆ ಬಾಗತೊಡಗಿದ ಮೇಲೆ ಗೋಡೆಯ ಮೇಲೆ ನೋಡಬೇಕು. ಗೋಡೆಗೆ ಎದೆಯೆತ್ತರದಲ್ಲಿ ಗಟ್ಟಿ ಗೂಟ ಹೊಡೆದು, ಹೊಟ್ಟೆ ಕೆಳಗಾಗುವಂತೆ ಬಿಲ್ಲಿನ ನಡುವನ್ನು ಅದರ ಮೇಲೆ ಅಡ್ಡಲಾಗಿ ಕೂರಿಸಿ. ಬಿಲ್ಲಿನಷ್ಟೇ ಉದ್ದದ ಸಡಿಲ ಹೆದೆ ಕಟ್ಟಿ. ಹೆದೆಯ ನಡುವಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ, ತಕ್ಕಡಿಗೆ ಹಗ್ಗ, ಹಗ್ಗ ನೆಲದ ಹತ್ತಿರ ಕಟ್ಟಿದ ಗಡಗಡೆಯ ಮೂಲಕ ನಿಮ್ಮ ಕೈಗೆ. ಎಂಟು ಹತ್ತು ಅಡಿ ದೂರ ನಿಂತು ಎಳೆಯಿರಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡು ಇಂಚಿಗೊಂದು ಅಡ್ಡಗೆರೆ ಹಾಕಿಕೊಂಡಿದ್ದರೆ ಎಡ, ಬಲ ತುದಿಗಳು ಎಷ್ಟೆಷ್ಟು ಇಳಿದವು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಇನ್ನೂ ಸ್ಪಷ್ಟ.

ಇಲ್ಲಿ ಪಾಲಿಸಬೇಕಾದ ನಿಯಮಗಳು ನಾಲ್ಕು.

ಬಿಗಿಯಿರುವ ಜಾಗದಲ್ಲಿ ಮಾತ್ರ ಹೆರೆಯಿರಿ. ಹೆಚ್ಚು ಬಾಗುವ ಜಾಗವನ್ನು ಮುಟ್ಟಬೇಡಿ. ಮೊದಲ ಬಾರಿಗೆ ಮಾಡುವವರ ಕೈ ಬಾಗಿದಲ್ಲಿಗೇ ಹೋಗುತ್ತದೆ, ಅದನ್ನು ತಡೆಯಿರಿ.

ಪ್ರತಿ ಸಲ ಹೆರೆದ ಮೇಲೆ ಬಿಲ್ಲನ್ನು ಇಪ್ಪತ್ತು ಮೂವತ್ತು ಸಲ ಎಳೆದು ಮೆಲ್ಲಗೆ ಸಡಿಲಿಸಿ. ಹೆರೆದದ್ದರ ಪರಿಣಾಮ ಬಾಗಿನಲ್ಲಿ ಕಾಣುವುದು ಇಷ್ಟು ಎಳೆದ ಮೇಲೆಯೇ.

ಬೇಕಾದ ತೂಕ ಮೀರಿ ಒಮ್ಮೆಯೂ ಎಳೆಯಬೇಡಿ. ಕಲಿಯುವ ದೊಡ್ಡವರಿಗೆ ಪೂರ್ತಿ ಎಳೆತದಲ್ಲಿ 9–10 ಕೆ.ಜಿ., ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ 5 ಕೆ.ಜಿ. ಸಾಕು. ತಕ್ಕಡಿ 10 ಕೆ.ಜಿ. ತೋರಿಸಿದಾಗ ಎಳೆತ ಇನ್ನೂ 15 ಇಂಚಷ್ಟೇ ಇದ್ದರೆ ಅಲ್ಲಿಗೇ ನಿಲ್ಲಿಸಿ, ಉದ್ದಕ್ಕೂ ಸಮನಾಗಿ ಹೆರೆದು, ಆಮೇಲೆ ಮುಂದಕ್ಕೆ ಹೋಗಿ.

ಎರಡೆರಡು ಇಂಚು ಮಾತ್ರ ಮುಂದುವರಿಯಿರಿ. ಬಾಗು ಸರಿಯಿಲ್ಲದಾಗ ಮುಂದೆ ಎಳೆದರೆ ತಪ್ಪು ಬಿಲ್ಲಿನಲ್ಲಿ ಉಳಿದುಬಿಡುತ್ತದೆ.

ತುದಿಗಳು ನಾಲ್ಕೈದು ಇಂಚು ಸಮನಾಗಿ ಇಳಿದರೆ ಗಿಡ್ಡ ಹೆದೆ ಕಟ್ಟುವ ಸಮಯ. ಮೊದಲು ಹೆದೆಗೂ ಹಿಡಿಗೂ ನಡುವೆ ಮೂರು ಇಂಚು ಅಂತರವಿರಲಿ, ಎಲ್ಲ ಸರಿಯಾದ ಮೇಲೆ ಆರು ಇಂಚಿಗೆ ಏರಿಸಿ. ಹಿಡಿಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳು ಚಾಚಿದರೆ ಅದರ ತುದಿ ಹೆದೆಗೆ ತಾಗಬೇಕು, ಅದೇ ಅಳತೆ. ಪೂರ್ತಿ ಎಳೆದಾಗ ಬಿಲ್ಲು ವೃತ್ತದ ತುಣುಕಿನಂತೆ ಕಾಣಬೇಕು, ಕೊನೆಯ ಒಂದು ಗೇಣು ಮಾತ್ರ ನೆಟ್ಟಗೆ. ಕೆಳಗಿನ ಅರ್ಧ ಕೂದಲೆಳೆಯಷ್ಟು ಬಿಗಿ ಇದ್ದರೆ ಒಳ್ಳೆಯದು.

ಹೆರೆದು ಹೆರೆದು ಬಿಲ್ಲು ತೀರಾ ಹಗುರಾಯಿತೇ? ಎಸೆಯಬೇಡಿ. ಉಳಿದ ದಬ್ಬೆಯಿಂದ ಎರಡೂವರೆ ಅಡಿಯ ತುಂಡು ತೆಗೆದು, ಎರಡೂ ತುದಿ ತೆಳುವಾಗಿಸಿ, ಬಿಲ್ಲಿನ ನಡುವೆ ಹೊಟ್ಟೆಯ ಕಡೆಗೆ ಇಟ್ಟು ದಾರದಿಂದ ಐದಾರು ಕಡೆ ಬಿಗಿಯಾಗಿ ಸುತ್ತಿ. ಲಾರಿಯ ಸ್ಪ್ರಿಂಗ್ ಪಟ್ಟಿಗಳು ಒಂದರ ಕೆಳಗೊಂದು ಭಾರ ಹೊರುವಂತೆ ಇವೂ ಹೊರುತ್ತವೆ. ಅಂಟು ಬೇಡ, ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಜಾರಬೇಕು.

ಹೆದೆ

ನೈಲಾನ್ ಹಗ್ಗ ಹಿಗ್ಗುತ್ತದೆ. ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಹಗ್ಗದಲ್ಲೇ ಕರಗುತ್ತದೆ. ಪಾಲಿಯೆಸ್ಟರ್ ದಾರ ಹಿಗ್ಗುವುದು ಕಡಿಮೆ. ಹೆದೆ ಬಿಲ್ಲಿನ ತೂಕಕ್ಕಿಂತ ಕನಿಷ್ಠ ನಾಲ್ಕು ಪಟ್ಟು ತಾಳಬೇಕು. ಒಂದು ಎಳೆಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಕಡಿಯುವವರೆಗೆ ಎಳೆದು ನೋಡಿ. ಒಂದೆಳೆ 5 ಕೆ.ಜಿ.ಗೆ ಕಡಿದರೆ, 10 ಕೆ.ಜಿ. ಬಿಲ್ಲಿಗೆ ಎಂಟು ಎಳೆ ಲೆಕ್ಕ. ಹತ್ತು ಹಾಕಿ. ಐದೈದು ಎಳೆಯ ಎರಡು ಜಡೆ ಮಾಡಿ, ಪ್ರತಿಯೊಂದನ್ನೂ ಬಲಕ್ಕೆ ಹೊಸೆದು, ಎರಡನ್ನೂ ಸೇರಿಸಿ ಎಡಕ್ಕೆ ಹೊಸೆಯಿರಿ. ಹಗ್ಗ ಹೊಸೆಯುವ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸೆದ ಮೇಲೆ ಜೇನುಮೇಣ ಉಜ್ಜಿ. ಮೇಲ್ತುದಿಗೆ ಕುಣಿಕೆ, ಕೆಳತುದಿಗೆ ಬಿಚ್ಚಿ ಕಟ್ಟಲು ಬರುವ ಗಂಟು. ಪುಂಡಿ ನಾರಿನ ಹೆದೆ ಮಾಡುವವರು ಆರು ಪಟ್ಟು ಲೆಕ್ಕ ಹಿಡಿಯಿರಿ. ಮಧ್ಯಭಾರತದ ಆದಿವಾಸಿಗಳು ಹೆದೆಯನ್ನೂ ಬಿದಿರಿನ ತೆಳು ಸೀಳಿನಿಂದಲೇ ಮಾಡುತ್ತಾರೆ. ಕೈ ಪಳಗಿದ ಮೇಲೆ ಅದನ್ನೂ ಪ್ರಯತ್ನಿಸಬಹುದು.

ಬಾಣ ಮತ್ತು ಗುರಿ

ಬಾಣ ನಿಮ್ಮ ಎಳೆತಕ್ಕಿಂತ ಎರಡು ಇಂಚು ಉದ್ದವಿರಲಿ. ಬಿದಿರಿನ ಸೀಳನ್ನು 8 ಮಿ.ಮೀ. ದುಂಡಗೆ ಹೆರೆದು, ಕೆಂಡದ ಬಿಸಿಗೆ ಹಿಡಿದು ನೇರ ಮಾಡಿ. 20 ಗ್ರಾಂಗಿಂತ ಹಗುರವಾದರೆ ಬಿಲ್ಲಿಗೇ ಪೆಟ್ಟು. ಹಿಂಬದಿಗೆ ಕೋಳಿ ರೆಕ್ಕೆಯ ಗರಿ ಮೂರು, ಮುಂಬದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ ಮೊಂಡು ತುದಿ. ಕಬ್ಬಿಣದ ಮೊನೆ ಬೇಡ. ಗುರಿಗೆ ಹಳೆ ಬಟ್ಟೆ ತುರುಕಿದ ಗೋಣಿಚೀಲ, ಅದರ ಹಿಂದೆ ಮಣ್ಣಿನ ದಿಬ್ಬ ಅಥವಾ ಕಿಟಕಿಯಿಲ್ಲದ ಗೋಡೆ. ಹತ್ತು ಹೆಜ್ಜೆ ದೂರದಿಂದ ಆರಂಭಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಸಿ ಬಿದಿರಿನಲ್ಲಿ ಆರಂಭಿಸುವುದು ಎಲ್ಲಕ್ಕಿಂತ ದೊಡ್ಡದು. ನೋಡಲು ಚಂದ ಕಾಣಲಿ ಎಂದು ಬೆನ್ನಿನ ಗಿಣ್ಣುಗಳನ್ನು ಉಜ್ಜಿ ನುಣುಪು ಮಾಡುವುದು ಎರಡನೆಯದು. ಉಬ್ಬಿದ ಗಿಣ್ಣು ಹಾಗೇ ಇರಬೇಕು. ಬಾಣವಿಲ್ಲದೆ ಬರೀ ಹೆದೆ ಎಳೆದು ಫಟ್ಟನೆ ಬಿಡುವುದು ಮೂರನೆಯದು. ಬಾಣಕ್ಕೆ ಹೋಗಬೇಕಾದ ಶಕ್ತಿ ವಾಪಸು ಬಿಲ್ಲಿಗೇ ಬಡಿದು ಒಳ್ಳೆಯ ಬಿಲ್ಲೂ ಚೂರಾಗುತ್ತದೆ. ನೋಡಲು ಬಂದ ಗೆಳೆಯರು ಮೊದಲು ಮಾಡುವುದೇ ಇದು, ಬಿಲ್ಲು ಕೈಗೆ ಕೊಡುವಾಗಲೇ ಹೇಳಿಬಿಡಿ. ಎಳೆದು ಹಿಡಿದು ಬಹಳ ಹೊತ್ತು ಗುರಿ ನೋಡುವುದೂ ಕೆಟ್ಟದ್ದು. ಮರದ ಬಿಲ್ಲು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಎಳೆದು ಹಿಡಿಯುವಂಥದ್ದಲ್ಲ.

ಹೊಟ್ಟೆಯ ಮೇಲೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಗೆರೆಗಳು ಕಂಡರೆ ಅಲ್ಲಿ ನಾರು ಕುಸಿದಿದೆ. ಆ ಬಿಲ್ಲನ್ನು ಇನ್ನು ಎಳೆಯಬೇಡಿ. ಬೆನ್ನಿನಲ್ಲಿ ಒಂದು ಸಿಬಿರು ಎದ್ದರೆ ಮಾತ್ರ ಫೆವಿಕಾಲ್ ಹಾಕಿ ದಾರ ಸುತ್ತಿ ಉಳಿಸಿಕೊಳ್ಳಬಹುದು.

ಎಚ್ಚರಿಕೆ

10 ಕೆ.ಜಿ. ಬಿಲ್ಲಿನ ಮೊಂಡು ಬಾಣವೂ ಕಣ್ಣು ತೆಗೆಯಬಲ್ಲದು. ಬಾಣ ಬಿಡುವಾಗ ಎಲ್ಲರೂ ಬಿಡುವವರ ಹಿಂದೆಯೇ ಇರಬೇಕು. ಬಾಣ ಆರಿಸಿ ತರುವಾಗ ಬಿಲ್ಲು ನೆಲದ ಮೇಲಿರಬೇಕು. ಆಕಾಶಕ್ಕೆ ಬಾಣ ಬಿಡುವುದು, ಜಾತ್ರೆ, ಬಸ್ ನಿಲ್ದಾಣ, ಶಾಲೆ ಬಯಲಿಗೆ ಒಯ್ಯುವುದು ಬೇಡವೇ ಬೇಡ. ಮಕ್ಕಳ ಜತೆ ದೊಡ್ಡವರೊಬ್ಬರು ಇರಲೇಬೇಕು.

ಪ್ರಾಣಿ ಪಕ್ಷಿಗಳು ಗುರಿಯಲ್ಲ. ಮೊಲ, ಕೌಜುಗದ ಬೇಟೆ ಹಿಂದೆ ಹಬ್ಬದ ಭಾಗವಾಗಿದ್ದಿರಬಹುದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ಅದು ಅಪರಾಧ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ದೂರದೂರದಿಂದ ಬರುವ ಹಕ್ಕಿಗಳಿಗೆ ಅದು ಆಸರೆ. ಅಂಥ ಕೆರೆಗಳ ದಂಡೆಗೆ ಬಿಲ್ಲು ಹಿಡಿದು ಹೋಗಬೇಡಿ. ಬಾಣಕ್ಕೆ ನವಿಲು, ಹದ್ದಿನ ಗರಿ ಬಳಸುವುದೂ ಬೇಡ.

ಬಿಲ್ಲಿನ ಆರೈಕೆ

ಕೆಲಸ ಮುಗಿದ ಬಿಲ್ಲಿಗೆ ಅಗಸೆ ಎಣ್ಣೆಯನ್ನು ಮೂರು ಸಲ ತೆಳುವಾಗಿ ಸವರಿ, ಒಂದೊಂದು ಸಲಕ್ಕೂ ಎರಡು ದಿನ ಒಣಗಲು ಬಿಡಿ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರಡಿ ಒಣಗಿಸಿ. ಆಟ ಮುಗಿದ ತಕ್ಷಣ ಹೆದೆ ಇಳಿಸಿ. ಹೆದೆ ಏರಿಸಿಯೇ ಇಟ್ಟ ಬಿಲ್ಲು ಒಂದು ವಾರದಲ್ಲಿ ಸೊರಗುತ್ತದೆ. ಎರಡು ಮೊಳೆಯ ಮೇಲೆ ಅಡ್ಡ ಮಲಗಿಸಿಡಿ, ಬಿಸಿಲು ಬೀಳುವ ಗೋಡೆಯಲ್ಲಿ ಬೇಡ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಬಿದಿರು ಅತಿಯಾಗಿ ಒಣಗಿ ಪೆಡಸಾಗುತ್ತದೆ. ಆ ದಿನಗಳಲ್ಲಿ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಸಂಜೆ ಮಾತ್ರ ಬಳಸಿ, ಪೂರ್ತಿ ಎಳೆಯುವ ಮುನ್ನ ಹತ್ತು ಸಲ ಅರ್ಧಕ್ಕೆ ಎಳೆದು ಮೈ ಸಡಿಲಿಸಿ.

ಮೊದಲ ಬಿಲ್ಲು ಮುರಿದರೆ ಮುರಿದ ಜಾಗವನ್ನು ನೋಡದೆ ಒಲೆಗೆ ಹಾಕಬೇಡಿ. ಅಲ್ಲಿನ ದಪ್ಪವನ್ನು ಅಕ್ಕಪಕ್ಕದ ದಪ್ಪದ ಜತೆ ಅಳೆದು ನೋಡಿ, ಎಲ್ಲಿ ಹೆಚ್ಚು ಹೆರೆದಿರಿ ಎಂಬುದು ಅಲ್ಲೇ ಸಿಗುತ್ತದೆ. ಎರಡನೆಯ ದಬ್ಬೆ ಒಣಗಿಸಿಟ್ಟಿದ್ದೀರಲ್ಲ, ಅದನ್ನು ಕೈಗೆತ್ತಿಕೊಳ್ಳಿ.